ಕೋವಿಡ್ ಅರ್ಥಶಾಸ್ತ್ರದ ಪ್ರಬಂಧಗಳನ್ನು ನಾನು ವಿಂಗಡಿಸಿದ ಬಗೆ

ಪಿಎಚ್.ಡಿ.ಗೆ ಕೋವಿಡ್ ಕಾಲದ ಉದ್ಯೋಗ ನಷ್ಟದ ವಿಷಯ ಆರಿಸಿಕೊಂಡಾಗ ಸಾಹಿತ್ಯ ಸಮೀಕ್ಷೆಯೇ, ಅಂದರೆ ಆ ವಿಷಯದ ಹಿಂದಿನ ಸಂಶೋಧನೆಗಳನ್ನು ಓದಿ ಜೋಡಿಸುವುದೇ, ದೊಡ್ಡ ಕೆಲಸವಾಯಿತು. 2020ರ ಮಾರ್ಚ್‌ನಿಂದ ಪ್ರಬಂಧಗಳ ಸುರಿಮಳೆ. ಯುರೋಪಿನ ಅರ್ಥಶಾಸ್ತ್ರಜ್ಞರ ಸಂಶೋಧನಾ ಜಾಲವಾದ ಸಿಇಪಿಆರ್ ಸಂಸ್ಥೆಯಂತೂ ‘ಕೋವಿಡ್ ಎಕನಾಮಿಕ್ಸ್’ ಎಂಬ ಪ್ರತ್ಯೇಕ ಪತ್ರಿಕೆಯನ್ನೇ ಶುರುಮಾಡಿ, ಲೇಖಕರನ್ನು ತಿಂಗಳುಗಟ್ಟಲೆ ಕಾಯಿಸದೆ ಪ್ರಕಟಿಸಿತು. ಅಮೆರಿಕದ ಆರ್ಥಿಕ ಸಂಶೋಧನಾ ಸಂಸ್ಥೆ ಎನ್‌ಬಿಇಆರ್‌ನ ಕಾರ್ಯಪತ್ರಗಳು (ಪತ್ರಿಕೆಯಲ್ಲಿ ಅಚ್ಚಾಗುವ ಮೊದಲೇ ಹಂಚುವ ಪ್ರಬಂಧಗಳು) ಬೇರೆ.

ಇವನ್ನೆಲ್ಲ ವಿಷಯವಾರು ಜೋಡಿಸಲಿಲ್ಲ. ದತ್ತಾಂಶ ಎಲ್ಲಿಂದ ಬಂತು ಎಂಬುದನ್ನು ಹಿಡಿದು ಹೊರಟೆ. ಎಕ್ಸೆಲ್‌ನಲ್ಲಿ ಪ್ರಬಂಧಕ್ಕೊಂದು ಸಾಲು: ಮೊದಲ ಆವೃತ್ತಿಯ ತಿಂಗಳು, ದತ್ತಾಂಶದ ಮೂಲ, ಆಮೇಲೆ ‘ಇದರಲ್ಲಿ ಯಾರು ಬಿಟ್ಟುಹೋಗಿದ್ದಾರೆ?’ ಎಂಬ ಕಾಲಂ. ಈ ಕೊನೆಯದನ್ನು ತುಂಬಲು ಸಾರಾಂಶ ಓದಿದರೆ ಸಾಲದು, ಅನುಬಂಧದ ಕೋಷ್ಟಕಗಳವರೆಗೂ ಹೋಗಬೇಕು. ನನಗೆ ಹೆಚ್ಚು ಕಲಿಸಿದ್ದೂ ಅದೇ.

ತಿಂಗಳವಾರು ಸಾರ್ಟ್ ಮಾಡಿದಾಗ ಮೇಲಿನ ಸಾಲುಗಳಲ್ಲಿ ಗಣಿತದ ಮಾದರಿಗಳೇ (ಮಾಡೆಲ್) ತುಂಬಿದ್ದವು. ಅರ್ಥಶಾಸ್ತ್ರಜ್ಞರಾದ ಐಚೆನ್‌ಬಾಮ್, ರೆಬೆಲೊ, ಟ್ರಾಬಾಂಟ್ ಸೋಂಕು ಹೇಗೆ ಹರಡುತ್ತದೆ ಎಂದು ಲೆಕ್ಕಹಾಕುವ ಎಸ್‌ಐಆರ್ ಮಾದರಿಯನ್ನು ಅರ್ಥವ್ಯವಸ್ಥೆಗೆ ಬೆಸೆದು, ಜನ ಖರ್ಚು, ಕೆಲಸ ಎರಡನ್ನೂ ಕಡಿಮೆ ಮಾಡಿದರೆ ಸಾವು ತಗ್ಗುತ್ತದೆ, ಆದರೆ ಹಿಂಜರಿತ ಬಿಗಡಾಯಿಸುತ್ತದೆ ಎಂದು ತೋರಿಸಿದರು. ನಂತರ ಬಂದದ್ದು ಖಾಸಗಿ ಕಂಪನಿಗಳ ಕಾರ್ಡ್ ವಹಿವಾಟು, ಸಂಬಳದ ದಾಖಲೆಗಳು. ಶ್ರೀಮಂತರು ಖರ್ಚು ನಿಲ್ಲಿಸಿದಾಗ ಅವರ ಬಡಾವಣೆಗಳ ಕಡಿಮೆ ಸಂಬಳದ ನೌಕರರೇ ಕೆಲಸ ಕಳೆದುಕೊಂಡರು ಎಂಬುದನ್ನು ಅಮೆರಿಕದ ಅರ್ಥಶಾಸ್ತ್ರಜ್ಞ ರಾಜ್ ಚೆಟ್ಟಿ ಅವರ ತಂಡ ಅವುಗಳಿಂದ ಹೆಕ್ಕಿ ತೆಗೆಯಿತು.

ಭಾರತದ ಸಾಲುಗಳಲ್ಲಿ ಮತ್ತೆ ಮತ್ತೆ ಒಂದೇ ಮೂಲ: ಸಿಎಂಐಇ ಎಂಬ ಖಾಸಗಿ ಸಂಸ್ಥೆಯ ಮನೆಮನೆ ಸಮೀಕ್ಷೆ. ಅದೇ ಮನೆಗಳಿಗೆ ನಾಲ್ಕು ತಿಂಗಳಿಗೊಮ್ಮೆ ಹೋಗುತ್ತಿದ್ದ ಸಮೀಕ್ಷೆ ಲಾಕ್‌ಡೌನ್‌ನಲ್ಲಿ ಫೋನಿಗೆ ಬದಲಾಯಿತು, ಉತ್ತರ ಕೊಡುವವರೂ ಕಡಿಮೆಯಾದರು. ಇದರಲ್ಲಿ ಕಡುಬಡವರ ಪಾಲು ಇರಬೇಕಾದಷ್ಟಿಲ್ಲ ಎಂದು 2021ರಲ್ಲಿ ಅರ್ಥಶಾಸ್ತ್ರಜ್ಞರಾದ ಜೀನ್ ಡ್ರೆಜ್, ಅನ್ಮೋಲ್ ಸೋಮಂಚಿ ವಾದಿಸಿದರು. ಅದನ್ನು ಓದಿದ ಮೇಲೆ ಆ ಸಾಲುಗಳ ಕೊನೆಯ ಕಾಲಂ ಎಲ್ಲವನ್ನೂ ಮತ್ತೊಮ್ಮೆ ತುಂಬಿದೆ.

ಹಾಗೆಂದು ಆ ಸಮೀಕ್ಷೆಯನ್ನು ತಳ್ಳಿಹಾಕುವಂತಿಲ್ಲ. ಅದರ ಮನೆಗಳನ್ನೇ ಆಧಾರವಾಗಿಟ್ಟುಕೊಂಡು ಮನೋಜ್ ಮೋಹನನ್, ಅನೂಪ್ ಮಲಾನಿ ಮತ್ತಿತರರು 2020ರ ಜೂನ್‌ನಿಂದ ಆಗಸ್ಟ್‌ವರೆಗೆ ಕರ್ನಾಟಕದಲ್ಲಿ ರಕ್ತಪರೀಕ್ಷೆ ನಡೆಸಿದರು. ನಗರಗಳಲ್ಲಿ ಸುಮಾರು ಶೇ 54, ಹಳ್ಳಿಗಳಲ್ಲಿ ಶೇ 44ರಷ್ಟು ಜನರಲ್ಲಿ ಸೋಂಕು ತಗುಲಿದ್ದರ ಗುರುತಾದ ಪ್ರತಿಕಾಯಗಳಿವೆ ಎಂಬುದು ಅವರ ಅಂದಾಜು. ಸೋಂಕು ಪಟ್ಟಣದ ಪಿಡುಗು ಎಂದು ನಂಬಿದ್ದವರು ಈ ಎರಡನೇ ಅಂಕಿ ನೋಡಬೇಕು. ಅರ್ಥಶಾಸ್ತ್ರಜ್ಞರು ಸೋಂಕನ್ನೇ ಅಳೆಯಲು ಇಳಿದದ್ದು ಆ ವರ್ಷಗಳ ಅತ್ಯುತ್ತಮ ಬೆಳವಣಿಗೆ ಎಂದು ನನ್ನ ಅಭಿಪ್ರಾಯ.

ನನ್ನ ಅಧ್ಯಾಯದಲ್ಲಿ ಉದ್ಯೋಗ ನಷ್ಟದ ಪ್ರತಿ ಅಂಕಿಯ ಪಕ್ಕದಲ್ಲೂ ಅದು ಫೋನಿನಲ್ಲಿ ಕೇಳಿ ಪಡೆದದ್ದೋ, ಮನೆಗೆ ಹೋಗಿ ಪಡೆದದ್ದೋ ಎಂದು ನಮೂದಿಸಿದ್ದೇನೆ.