ಒಳಗೆ ಕಿಟಕಿ, ಹೊರಗೆ ಬಾಗಿಲು: ಒಂದು ಹಳೇ ಟಾಕೀಸಿನ ಅಳತೆ ತೆಗೆದಿದ್ದು

ಆ ಕಲ್ಯಾಣ ಮಂಟಪಕ್ಕೆ ನಾನು ಮೊದಲು ಹೋಗಿದ್ದು ಊಟಕ್ಕೆ. ನೆಂಟರ ಮದುವೆ. ಕೈ ತೊಳೆಯಲು ಹೊರಗೆ ಬಂದಾಗ ಪಕ್ಕದ ಗೋಡೆಯಲ್ಲಿ 7 ಅಡಿ ಎತ್ತರದ ಬಾಗಿಲಿನ ಚೌಕಟ್ಟು ಕಂಡಿತು. ಕೆಳಗಿನ ಎರಡೂವರೆ ಅಡಿಗೆ ಇಟ್ಟಿಗೆ ಕಟ್ಟಿ ಮುಚ್ಚಿದ್ದರು, ಮೇಲೆ ಗ್ರಿಲ್ ಹಾಕಿದ್ದರು. ಒಳಗೆ ಹೋಗಿ ಅದೇ ಜಾಗ ಹುಡುಕಿದರೆ ಅಲ್ಲಿರುವುದು ಕಿಟಕಿ. ಅದೂ ನೆಲಕ್ಕೆ ತಾಗಿಕೊಂಡೇ ಶುರುವಾಗುವ ಕಿಟಕಿ. ಪಾಯಸ ಬಡಿಸುವ ಹೊತ್ತಿಗೆ ನನ್ನ ತಲೆ ಅಲ್ಲೇ ಸಿಕ್ಕಿಹಾಕಿಕೊಂಡಿತ್ತು.

ಹಳೇ ಕಟ್ಟಡಗಳ ಅಳತೆ ತೆಗೆದು ನಕ್ಷೆ ಮಾಡುವುದು ನನ್ನ ಕೆಲಸ. ಊರು ತುಮಕೂರು ಕಡೆಯದು. ಅದು ಹಿಂದೆ ಟಾಕೀಸಾಗಿತ್ತು ಅನ್ನೋದು ಎಲ್ಲರಿಗೂ ಗೊತ್ತು. ಯಜಮಾನರನ್ನು ಕೇಳಿದಾಗ, "ಆಷಾಢದಲ್ಲಿ ಬನ್ನಿ, ಖಾಲಿ ಇರುತ್ತೆ" ಅಂದರು.

ಲೇಸರ್ ಮೀಟರ್, 100 ಅಡಿ ಟೇಪು, ಗ್ರಾಫ್ ಹಾಳೆ, ಗಾರೆ ಕೆಲಸದವರು ನೀರು ತುಂಬಿ ಮಟ್ಟ ನೋಡುವ ಟ್ಯೂಬ್ ಲೆವೆಲ್, ಇಷ್ಟು ಹಿಡಿದುಕೊಂಡು ಹೋದೆ. ಮೊದಲ ದಿನವೇ ಎಡವಟ್ಟು. ಸಂಜೆ ನಕ್ಷೆ ಬರೆಯಲು ಕೂತರೆ ಹಾಲಿನ ಒಂದು ಪಕ್ಕ ಇನ್ನೊಂದು ಪಕ್ಕಕ್ಕಿಂತ ಒಂದಡಿ ಕಮ್ಮಿ. ಲೇಸರ್ ಗೋಡೆಗೆ ಬೀಳುವ ಬದಲು ಮದುವೆ ಅಲಂಕಾರದ ಪರದೆಗೆ ಬಿದ್ದಿತ್ತು! ಆಮೇಲೆ ಕರ್ಣಗಳನ್ನು ಟೇಪಿನಲ್ಲೇ ಹಿಡಿದೆ.

ಪ್ರೊಜೆಕ್ಟರ್ ರೂಮು ಈಗ ಪಾತ್ರೆಗಳ ಸ್ಟೋರು. ಅಲ್ಲಿ ಆಪರೇಟರ್ ಆಗಿದ್ದ ಅಜ್ಜರೊಬ್ಬರು ಊರಲ್ಲೇ ಇದ್ದರು, ಜೊತೆಗೆ ಬಂದರು. ಬಣ್ಣದ ಮೇಲೆ ಬೆರಳಲ್ಲಿ ತಟ್ಟಿ, "ಇಲ್ಲಿ ನಾಲ್ಕು ಕಂಡಿ ಇದ್ವು ನೋಡಿ ಸಾರ್" ಅಂದರು. ಟೊಳ್ಳು ಸದ್ದು ಬಂತು. ಒಂದು ಮಿಷನ್ನಿಗೆ ಎರಡು ಕಂಡಿ: ಬೆಳಕು ಹೋಗಲು ಒಂದು, ಆಪರೇಟರ್ ಇಣುಕಲು ಒಂದು. ಅಂದರೆ ಎರಡು ಮಿಷನ್. 35 ಎಂಎಂ ಫಿಲಂ ನಿಮಿಷಕ್ಕೆ 90 ಅಡಿ ಓಡುತ್ತದೆ. 1000 ಅಡಿ ರೀಲು 11 ನಿಮಿಷಕ್ಕೆ ಮುಗಿಯುತ್ತದೆ. ಒಂದು ಮಿಷನ್ ಇದ್ದ ಕಡೆ ರೀಲು ಬದಲಿಸುವಾಗ ಜನ ಶಿಳ್ಳೆ ಹೊಡೆಯುತ್ತಾ ಕೂರಬೇಕಿತ್ತು. ಎರಡಿದ್ದರೆ ಆಟ ನಿಲ್ಲುತ್ತಿರಲಿಲ್ಲ. ಚಾವಣಿಯಲ್ಲಿ ಎರಡು ದುಂಡು ತೂತಿನ ಗುರುತೂ ಇತ್ತು. ಮಿಷನ್ನಿನ ಬೆಳಕಿಗೆ ಕಾರ್ಬನ್ ಕಡ್ಡಿ ಉರಿದ ಹೊಗೆ ಹೋಗುವ ಕೊಳವೆಯದು.

ಆ ರೂಮಿಗೆ ಒಳಗಿನಿಂದ ದಾರಿಯೇ ಇಲ್ಲ, ಹೊರಗಿನ ಕಬ್ಬಿಣದ ಮೆಟ್ಟಿಲು ಮಾತ್ರ. ಹಳೇ ನೈಟ್ರೇಟ್ ಫಿಲಂ ಹತ್ತಿಕೊಂಡರೆ ನೀರಿಗೂ ಆರುತ್ತಿರಲಿಲ್ಲ. ಕೊಡಾಕ್ ಅದನ್ನು ನಿಲ್ಲಿಸಿದ್ದೇ 1950ರ ದಶಕದ ಶುರುವಿನಲ್ಲಿ. ಆ ಭಯಕ್ಕೆ ಆಪರೇಟರನ್ನೂ ಜನರನ್ನೂ ಬೇರೆ ಬೇರೆ ದಾರಿಯಲ್ಲಿ ಇಡುವುದು ರೂಢಿಯಾಯಿತು.

ಹೆಂಚು ನೋಡಿ ವಯಸ್ಸು ಹೇಳಬಹುದು ಅಂತ ಅಟ್ಟ ಹತ್ತಿದೆ. ಕೆಲವಕ್ಕೆ ಬಾಸೆಲ್ ಮಿಷನ್ ಮುದ್ರೆ, ಕೆಲವಕ್ಕೆ ಕಾಮನ್‌ವೆಲ್ತ್ ಮುದ್ರೆ. ಬಾಸೆಲ್ ಮಿಷನ್ ಅನ್ನೋ ಕ್ರೈಸ್ತ ಪಾದ್ರಿಗಳ ಸಂಸ್ಥೆಯವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಹಾಕಿದ್ದು 1865ರಲ್ಲಿ. ಮೊದಲ ಮಹಾಯುದ್ಧದ ನಂತರ ಅದು ಕಾಮನ್‌ವೆಲ್ತ್ ಟ್ರಸ್ಟ್ ಕೈಗೆ ಹೋಯಿತು. ಆದರೆ ಹೆಂಚು ಒಂದು ಮನೆಯಿಂದ ಇನ್ನೊಂದಕ್ಕೆ ಓಡಾಡುವ ವಸ್ತು. ಅದನ್ನು ನಂಬಿ ಇಸವಿ ಬರೆಯಬಾರದು. ನಾನು ಬರೆಯಲಿಲ್ಲ.

ನಿಜವಾದ ಸುಳಿವು ತೆರೆಯ ಹಿಂದೆ ಇತ್ತು. ಸಿನಿಮಾಕ್ಕೆ ತೆರೆಯ ಹಿಂದೆ ಸ್ಪೀಕರ್ ಇಡುವಷ್ಟು ಜಾಗ ಸಾಕು. ಇಲ್ಲಿ 22 ಅಡಿ ಆಳದ ರಂಗ. ಮೇಲೆ ಮರದ ತೊಲೆ, ತೊಲೆಗೆ ಹಗ್ಗ ಉಜ್ಜಿದ ಗೀರು. ಪರದೆ ಏರಿಸಿ ಇಳಿಸಿದ ಗೀರು ಅದು. ಟಾಕೀಸಿಗೂ ಮುಂಚೆ ಇದು ಕಂಪನಿ ನಾಟಕದ ಮನೆ. ಹಿಂದೆ ಒಂದು ಅಗಲ ಬಾಗಿಲಿದೆ. ಅದು ಆನೆ ಬರುತ್ತಿದ್ದ ಬಾಗಿಲು ಅಂತ ಊರವರ ಹಟ. ಗುಬ್ಬಿ ಕಂಪನಿಯವರು ಕುರುಕ್ಷೇತ್ರ ನಾಟಕಕ್ಕೆ ಆನೆ ಕುದುರೆಗಳನ್ನೇ ತಂದಿದ್ದು ನಿಜ. ಅದಕ್ಕೇ ಈ ಸೀಮೆಯ ಹಳೇ ಥಿಯೇಟರಿಗೆಲ್ಲ ಒಂದೊಂದು ಆನೆ ಅಂಟಿಕೊಂಡಿದೆ. ಆದರೆ ಈ ಬಾಗಿಲ ಅಗಲ 5 ಅಡಿ 2 ಅಂಗುಲ, ಎತ್ತರ 7 ಅಡಿ. ಪರದೆ ಸುರುಳಿ, ಟ್ರಂಕು ಹೊರುವವರಿಗೆ ಸರಿ. ಆನೆಗೆ, ಊಹೂಂ.

ಇನ್ನು ಆ ಕಿಟಕಿ. ಅದೂ ಸೇರಿ ರಂಗದ ಪಕ್ಕದ ಎರಡು ಬಾಗಿಲಿಗೆ ಮಾತ್ರ ಕಾಂಕ್ರೀಟ್ ಲಿಂಟಲ್ ಇತ್ತು, ಉಳಿದವಕ್ಕೆಲ್ಲ ಮರದ್ದು. ಹಾಗಾದರೆ ಇವೆರಡು ಆಮೇಲೆ ಒಡೆದವು. ಯಜಮಾನರನ್ನು ಕಾಡಿ ಬೇಡಿ ರಂಗದ ಬುಡದಲ್ಲಿ ಒಂದು ಟೈಲ್ಸ್ ಎಬ್ಬಿಸಿ ಗುಂಡಿ ತೋಡಿಸಿದೆ. ಟೈಲ್ಸ್, ಕೆಳಗೆ ಗರಸು ಮಣ್ಣು, ಒಡೆದ ಸೋಡಾ ಬಾಟಲಿ, ಬೀಡಿ ತುಂಡು. ಎರಡೂವರೆ ಅಡಿಗೆ ಸಿಮೆಂಟ್ ನೆಲ ಸಿಕ್ಕಿತು, ಅಂದರೆ ತೆರೆಯ ಮುಂದಿನ ಅಗ್ಗದ ಟಿಕೆಟ್ಟಿನ ಗಾಂಧಿ ಕ್ಲಾಸಿನ ನೆಲ. ಗುಂಡಿಯ ಪಕ್ಕದಲ್ಲಿ ರಂಗದ ಗೋಡೆಯೂ ಕಂಡಿತು. ಈಗಿನ ನೆಲದ ಮಟ್ಟದವರೆಗೆ ಸುಣ್ಣದ ಗಾರೆಯ ಕಲ್ಲು. ಅಲ್ಲಿಂದ ಕೆಳಗೆ ಸಿಮೆಂಟಿನ ಇಟ್ಟಿಗೆ. ನಾನು ಗುಂಡಿಯ ಮುಂದೆಯೇ ಕೂತುಬಿಟ್ಟೆ.

ನಾಟಕದ ಕಾಲದಲ್ಲಿ ನೆಲ ಸಪಾಟಾಗಿತ್ತು, ರಂಗ 3 ಅಡಿ ಎತ್ತರ. ಸಿನಿಮಾ ಬಂದಾಗ ಹಿಂದಿನವರಿಗೂ ತೆರೆ ಕಾಣಲಿ ಅಂತ ಮುಂದಿನ ನೆಲ ಅಗೆದು ಇಳಿಜಾರು ಮಾಡಿದರು. ರಂಗದ ಗೋಡೆ ಕುಸಿಯದಂತೆ ಕೆಳಗೆ ಇಟ್ಟಿಗೆ ಕೊಟ್ಟರು, ತಗ್ಗಿದ ನೆಲಕ್ಕೆ ಹೊಸ ಬಾಗಿಲು ಒಡೆದರು. ಮದುವೆ ಮಂಟಪ ಆದಾಗ ಇಳಿಜಾರಲ್ಲಿ ಕುರ್ಚಿ ನಿಲ್ಲುವುದಿಲ್ಲ ಅಂತ ಮಣ್ಣು ತುಂಬಿಸಿದರು. ಯಾರಿಗೂ ಗೊತ್ತಿಲ್ಲದೆ ನೆಲ ಸರಿಯಾಗಿ ನಾಟಕದ ಕಾಲದ ಮಟ್ಟಕ್ಕೇ ಬಂದು ನಿಂತಿದೆ. ಟ್ಯೂಬ್ ಲೆವೆಲ್ ಮೂರು ಸಲ ಹಿಡಿದೆ. ವ್ಯತ್ಯಾಸ ಅರ್ಧ ಅಂಗುಲ.

ಗೋಡೆಗಳ ವಿಷಯದಲ್ಲಿ ಮಾತ್ರ ನನಗೆ ಬೇಜಾರು. ಟಾಕೀಸಿನವರು ಸದ್ದು ಮರುಕಳಿಸದಿರಲಿ ಅಂತ ಒರಟು ಗಾರೆ ಹಾಕಿದ್ದರು. ಈಗ ಅದರ ಮೇಲೆ ನುಣುಪು ಟೈಲ್ಸ್. ಒಮ್ಮೆ ಚಪ್ಪಾಳೆ ತಟ್ಟಿದರೆ ಸದ್ದು ಎರಡು ಮೂರು ಸೆಕೆಂಡು ಸುತ್ತುತ್ತದೆ. ಮದುವೆಯ ದಿನ ವಾಲಗ ಶುರುವಾದರೆ ಪಕ್ಕದವರ ಮಾತು ಕೇಳಲ್ಲ, ಅದಕ್ಕೆ ಕಾರಣ ಇದೇ.

ನಕ್ಷೆ ತೋರಿಸಿದಾಗ ಯಜಮಾನರು ಬಹಳ ಹೊತ್ತು ನೋಡಿದರು. "ಎಲ್ಲಾ ಸರಿ, ಆನೆ ಬಾಗಿಲು ಎಲ್ಲಿ ಬರೆದಿದ್ದೀರಾ?" ಅಂದರು. ನಾನು ಬರೆದಿದ್ದು 'ಹಿಂಬಾಗಿಲು, 5 ಅಡಿ 2 ಅಂಗುಲ'. ಪೆನ್ಸಿಲ್ ತೆಗೆದು ಅದರ ಕೆಳಗೆ, ಊರವರು ಕರೆಯುವ ಹೆಸರು ಅಂತ, ಅದನ್ನೂ ಸೇರಿಸಿ ಕೊಟ್ಟೆ.