ಕಲಬುರಗಿಯ ಕಾಗದದ ಚೂರುಗಳು: ವಿನ್ಯಾಸಕಾರರು ಕೂಡಿಡುವ ಬಗೆ

ಅಕ್ಷರ, ಬಣ್ಣ, ಅಳತೆಗಳೊಡನೆ ದಿನವೂ ಕೆಲಸ ಮಾಡುವವರಿಗೆ ಕಲಬುರಗಿಯ ರದ್ದಿ ಅಂಗಡಿಗಳು ಬಹಳಷ್ಟನ್ನು ಕಲಿಸುತ್ತವೆ. ಲಗ್ನಪತ್ರಿಕೆ, ಅಡತ್ (ದಲಾಲಿ) ಅಂಗಡಿಯ ಲೆಕ್ಕಪಟ್ಟಿ, ಶರಣಬಸವೇಶ್ವರ ಜಾತ್ರೆಯ ಕರಪತ್ರ, ಬಂದೇ ನವಾಜ್ ಉರುಸಿನ ಭಿತ್ತಿಪತ್ರ, ತೊಗರಿಬೇಳೆ ಚೀಲದ ಮುದ್ರೆ, ಬಸ್ಸಿನ ಟಿಕೆಟ್ ಇವೆಲ್ಲ ಬಳಸಿ ಎಸೆಯಲೆಂದೇ ಮಾಡಿದವುಗಳಾದ್ದರಿಂದ ಗ್ರಂಥಾಲಯವಾಗಲಿ ವಸ್ತುಸಂಗ್ರಹಾಲಯವಾಗಲಿ ಇವನ್ನು ಕಾಪಾಡುವುದು ಅಪರೂಪ.

ಕಂಡದ್ದನ್ನೆಲ್ಲ ಕೂಡಿಹಾಕದೆ ಒಂದು ಎಳೆಯನ್ನು ಹಿಡಿದು ಹೊರಡಬೇಕು. ಈ ಭಾಗದವರು ಒಂದಕ್ಕಿಂತ ಹೆಚ್ಚು ಲಿಪಿಗಳಿರುವ ಹಾಳೆಗಳಿಂದ ಆರಂಭಿಸುವುದು ಒಳ್ಳೆಯದು ಎಂಬುದು ನನ್ನ ಖಚಿತ ಅಭಿಪ್ರಾಯ. ಹಳೆಯ ಲಗ್ನಪತ್ರಿಕೆಯೊಂದರಲ್ಲಿ ಕನ್ನಡವು ಅಚ್ಚುಮೊಳೆಗಳಿಂದ ಜೋಡಿಸಿದ್ದಾಗಿದ್ದರೆ, ಅದರ ಪಕ್ಕದ ಉರ್ದು ಸಾಮಾನ್ಯವಾಗಿ ಕಾತಿಬರು, ಅಂದರೆ ಉರ್ದು ಲಿಪಿಕಾರರು, ಲೇಖನಿಯಿಂದ ಬರೆದದ್ದಾಗಿರುತ್ತದೆ; ಏಕೆಂದರೆ ಇಳಿಜಾರಾಗಿ ಒಂದರ ಮೇಲೊಂದು ಕೂರುವ ನಸ್ತಾಲಿಕ್ ಶೈಲಿಯ ಉರ್ದು ಅಕ್ಷರಗಳನ್ನು ಸೀಸದ ಮೊಳೆಗೆ ಇಳಿಸುವುದು ಬಹಳ ಕಷ್ಟವಾಗಿತ್ತು, ಕಂಪ್ಯೂಟರ್ ಬರುವವರೆಗೂ ಆ ಕೆಲಸ ಬಹುಮಟ್ಟಿಗೆ ಕೈಯಲ್ಲೇ ಉಳಿಯಿತು. ಹಾಳೆಯ ಹಿಂಬದಿಯ ಮೇಲೆ ಬೆರಳಾಡಿಸಿದರೆ ಮೊಳೆ ಒತ್ತಿದ ಉಬ್ಬು ತಾಗುತ್ತದೆ. ಭೂತಗನ್ನಡಿಯಲ್ಲಿ ಅಕ್ಷರದ ಅಂಚಿಗೆ ಶಾಯಿ ದಟ್ಟವಾಗಿ ಸರಿದಿರುವುದು ಕಾಣುತ್ತದೆ. ಮೊಳೆ ಬಳಸದ ಆಫ್‌ಸೆಟ್ ಮುದ್ರಣದಲ್ಲಿ ಇವೆರಡೂ ಇರುವುದಿಲ್ಲ. ಎಡದಿಂದ ಬಲಕ್ಕೂ ಬಲದಿಂದ ಎಡಕ್ಕೂ ಓಡುವ ಎರಡು ಬರಹಗಳನ್ನು ಅಂಗೈಯಗಲದ ಜಾಗದಲ್ಲಿ ಒಂದು ಇನ್ನೊಂದನ್ನು ಮೆಟ್ಟದಂತೆ ಕೂರಿಸಿದ ಆ ಹೆಸರಿಲ್ಲದ ಮುದ್ರಕರ ಜಾಣ್ಮೆಯನ್ನು ಅಳತೆಪಟ್ಟಿ ಹಿಡಿದೇ ನೋಡಬೇಕು.

ತೇದಿಯಿಲ್ಲದ ಹಾಳೆಯ ಕಾಲವನ್ನು ಊಹಿಸಲು ಹಲವು ಸುಳಿವುಗಳಿವೆ. ಬೆಲೆ ಆಣೆಯಲ್ಲಿದ್ದರೆ ಅದು ಬಹುಶಃ ದಶಮಾಂಶ ನಾಣ್ಯ ಬಂದ 1957ಕ್ಕಿಂತ ಹಿಂದಿನದು. ವಿಳಾಸದಲ್ಲಿ ಪಿನ್‌ಕೋಡ್ ಇದ್ದರೆ 1972ರ ಆಗಸ್ಟ್ ನಂತರದ್ದು. ಜಿಎಸ್‌ಟಿ ಸಂಖ್ಯೆ ಇದ್ದರೆ 2017ರ ಜುಲೈ ನಂತರದ್ದು. ನಿಜಾಮರ ಕಾಲದ ಕಾಗದಗಳಲ್ಲಿ ಫಸಲಿ ವರ್ಷ (ಕಂದಾಯದ ಲೆಕ್ಕಕ್ಕೆ ಬಳಸುತ್ತಿದ್ದ ವರ್ಷ) ನಮೂದಾಗಿರುತ್ತದೆ; ಅದಕ್ಕೆ 590 ಕೂಡಿಸಿದರೆ ಸರಿಸುಮಾರು ಇಸವಿ ದೊರೆಯುತ್ತದೆ. ‘ಗುಲ್ಬರ್ಗಾ’ ಎಂಬ ಹೆಸರನ್ನು ಮಾತ್ರ ನೆಚ್ಚಬಾರದು, ಏಕೆಂದರೆ 2014ರ ನವೆಂಬರ್ 1ರಂದು ಊರಿನ ಹೆಸರು ಅಧಿಕೃತವಾಗಿ ಬದಲಾದ ಮೇಲೂ ಅನೇಕ ಅಂಗಡಿಗಳು ಹಳೆಯ ಹೆಸರಿನಲ್ಲೇ ರಸೀದಿ ಮುದ್ರಿಸಿವೆ.

ಸಿಕ್ಕ ದಿನವೇ ಟಿಪ್ಪಣಿ ಬರೆಯುವುದು ಈ ಕೆಲಸದ ಜೀವಾಳ. ಎಲ್ಲಿ ಸಿಕ್ಕಿತು, ಕೊಟ್ಟವರು ಅದರ ಬಗ್ಗೆ ಏನೆಂದರು, ಅದನ್ನು ಯಾವುದಕ್ಕೆ ಬಳಸುತ್ತಿದ್ದರು ಎಂಬುದನ್ನು ಬೇರೆ ಚೀಟಿಯಲ್ಲಿ ಪೆನ್ಸಿಲ್‌ನಿಂದ ಬರೆದು ಜೊತೆಗಿಡಬೇಕು. ಲಂಬಾಣಿ ತಾಂಡಾದ ಕಸೂತಿ ತುಣುಕಿಗೂ, ಹಳೆಯ ಸೀರೆಗಳಿಂದ ಹೊಲಿದ ಕೌದಿಗೂ ಇದೇ ನಿಯಮ ಸಲ್ಲುತ್ತದೆ. ಅಲ್ಲಿ ಹೊಲಿದವರ ಹೆಸರನ್ನು ಅವರ ಒಪ್ಪಿಗೆ ಪಡೆದು ಬರೆದುಕೊಳ್ಳಬೇಕು, ಅವರು ಹೇಳಿದ ಬೆಲೆಯನ್ನು ಚೌಕಾಶಿಯಿಲ್ಲದೆ ಕೊಡಬೇಕು.

ನಮ್ಮ ಬೇಸಿಗೆಯೇ ಸಂಗ್ರಹಕ್ಕೆ ದೊಡ್ಡ ಶತ್ರು. ಬಸ್ ನಿರ್ವಾಹಕರ ಯಂತ್ರದಿಂದ ಬರುವ ಟಿಕೆಟ್ಟು ಶಾಖಕ್ಕೆ ಕಪ್ಪಾಗುವ ಲೇಪನದ ಕಾಗದವಾದ್ದರಿಂದ 40 ಡಿಗ್ರಿ ದಾಟುವ ಏಪ್ರಿಲ್–ಮೇ ತಿಂಗಳಲ್ಲಿ ಬೇಗನೆ ಹಾಳಾಗುತ್ತದೆ. ಅದನ್ನು ತಂದ ದಿನವೇ ಸ್ಕ್ಯಾನ್ ಮಾಡಬೇಕು. ಅಗ್ಗದ ಕಾಗದದಲ್ಲಿರುವ ಮರದ ಲಿಗ್ನಿನ್ ಬೆಳಕಿಗೆ ಹಳದಿಯಾಗುವುದರಿಂದ ಕರಪತ್ರಗಳಿಗೆ ಕತ್ತಲೆಯೇ ಹಿತ. ಪಿವಿಸಿ ಹಾಳೆಗಳು ಬಿಸಿಗೆ ಮುದ್ರಣಕ್ಕೆ ಅಂಟಿಕೊಳ್ಳುತ್ತವೆ, ಆದ್ದರಿಂದ ಪಾಲಿಯೆಸ್ಟರ್ ಲಕೋಟೆಗಳನ್ನು ಬಳಸಬೇಕು. ಸೆಲ್ಲೋಟೇಪ್, ಲ್ಯಾಮಿನೇಶನ್ ಎರಡೂ ಬೇಡ. ಗೆದ್ದಲಿನ ಭಯವಿರುವುದರಿಂದ ಉಕ್ಕಿನ ಅಲಮಾರವನ್ನು ಗೋಡೆಯಿಂದ ಗೇಣುದೂರ ಸರಿಸಿ, ತಾರಸಿಯ ಕೆಳಗಿನ ಕೋಣೆಯನ್ನು ಬಿಟ್ಟು, ಮನೆಯ ತಂಪಾದ ಭಾಗದಲ್ಲಿರಿಸಬೇಕು. ಬೇವಿನ ಎಲೆ ಹಾಕುವುದಾದರೆ ಪೂರ್ತಿ ಒಣಗಿಸಿ ಬಟ್ಟೆಯಲ್ಲಿ ಕಟ್ಟಿಡಬೇಕು. ಹಸಿ ಎಲೆ ಕಾಗದದ ಮೇಲೆ ಕಲೆ ಬಿಡುತ್ತದೆ.

ಹಳೆಯ ಬಿದರಿ ಪಾತ್ರೆ ಅಥವಾ ಹಸ್ತಪ್ರತಿ ಕೈಗೆ ಬಂದರೆ ಕಾನೂನನ್ನು ನೆನೆಯಬೇಕು. 1972ರ ಪುರಾವಸ್ತು ಮತ್ತು ಕಲಾಸಂಪತ್ತು ಕಾಯ್ದೆಯಂತೆ ನೂರು ವರ್ಷ ದಾಟಿದ ಕರಕುಶಲ ವಸ್ತುಗಳೂ, 75 ವರ್ಷ ದಾಟಿದ ಮಹತ್ವದ ಹಸ್ತಪ್ರತಿಗಳೂ ಪುರಾವಸ್ತುಗಳಾಗುತ್ತವೆ. ಖಾಸಗಿಯವರು ಅವನ್ನು ಹೊರದೇಶಕ್ಕೆ ಕಳುಹಿಸುವಂತಿಲ್ಲ.

ಸಂಗ್ರಹವನ್ನು ಇತರರಿಗೆ ತೋರಿಸುವಾಗ ಅಡತ್ ಅಂಗಡಿಯ ಪಟ್ಟಿಗಳಲ್ಲಿರುವ ರೈತರ ಹೆಸರು, ಬಾಕಿ ಮೊತ್ತ, ಫೋನ್ ಸಂಖ್ಯೆಗಳನ್ನು ಪ್ರತಿಯ ಮೇಲೆ ಮರೆಮಾಡಿ, ಮೂಲ ಹಾಳೆಯನ್ನು ಇದ್ದಂತೆಯೇ ಲಕೋಟೆಯಲ್ಲಿ ಉಳಿಸಬೇಕು.