ಸಂಗೀತದ ಕ್ಲಾಸಿಗೆ ಹಾಕುವ ಮೊದಲು ಮನೆಯಲ್ಲಿ ಮಾಡಬೇಕಾದ್ದು

ಶಿರಸಿ ಕಡೆ ಮಗುವಿಗೆ ಐದು ವರ್ಷ ಆಗುತ್ತಿದ್ದ ಹಾಗೆ ಶುರುವಾಗುವ ಪ್ರಶ್ನೆ ಇದು: ‘ಸಂಗೀತಕ್ಕೆ ಹಾಕಿದ್ರಾ? ಯಾರ ಹತ್ರ?’ ಹಾಕಿ, ಬೇಡ ಅನ್ನುವುದಿಲ್ಲ. ಆದರೆ ಮನೆಯಲ್ಲಿ ಯಾರೂ ಒಂದು ಸಾಲು ಗುನುಗದೆ, ವಾರಕ್ಕೆರಡು ಸಲ ಹೋಗಿ ಸರಿಗಮ ಹೇಳಿಸಿಕೊಂಡು ಬಾ ಅಂತ ಕಳಿಸಿದರೆ ಮಗುವಿನ ಲೆಕ್ಕದಲ್ಲಿ ಅದು ಇನ್ನೊಂದು ಟ್ಯೂಷನ್, ಅಷ್ಟೇ. ಹಾಡು ಮೊದಲು ಮನೆಯಲ್ಲಿರಬೇಕು.

ಹಾಗಾಗಿ ಮೊದಲ ಕೆಲಸ ನಿಮ್ಮದು. ಹಾಡಿ. ‘ನಂಗೆ ಸ್ವರ ಇಲ್ಲ’ ಅಂತ ನೆಪ ಹೇಳಬೇಡಿ, ಮೂರು ವರ್ಷದ ಮಗು ನಿಮಗೆ ಮಾರ್ಕ್ಸ್ ಹಾಕಲು ಕೂತಿಲ್ಲ. ಮೀಯಿಸುವಾಗ ಒಂದು ಹಾಡು, ಮಲಗಿಸುವಾಗ ಒಂದು. ದಿನಾ ಅದೇ. ನಮಗೆ ಬೇಜಾರು ಬರುತ್ತದೆ, ಮಗುವಿಗೆ ಬರುವುದಿಲ್ಲ. ಮುಂದೆ ಏನು ಬರುತ್ತದೆ ಅಂತ ಗೊತ್ತಿರುವುದೇ ಅದಕ್ಕೆ ಮಜಾ. ಸ್ವಲ್ಪ ದಿನ ಆದಮೇಲೆ ಸಾಲಿನ ಕೊನೆಯ ಪದ ಬಿಟ್ಟು ಸುಮ್ನೆ ಕಾಯಿರಿ. ಅದೇ ಹೇಳುತ್ತದೆ. ಇನ್ನೊಂದು ವಿಷಯ, ಅಪ್ಪಂದಿರಿಗೆ: ನೀವು ಹಾಡುವ ಶ್ರುತಿ ಮಕ್ಕಳಿಗೆ ತೀರಾ ಕೆಳಗೆ. ಮಗು ಆಟ ಆಡುತ್ತಾ ತಾನೇ ಏನೋ ಹಾಡಿಕೊಳ್ಳುತ್ತಿರುತ್ತದಲ್ಲ, ಆಗ ಕಿವಿಗೊಟ್ಟು ಕೇಳಿ, ಅದು ಎಲ್ಲಿಂದ ಎತ್ತಿಕೊಳ್ಳುತ್ತದೋ ಅಲ್ಲಿಂದಲೇ ನೀವೂ ಶುರು ಮಾಡಿ. ‘ಬೇಸೂರು’ ಅಂತ ಹೆಸರು ಪಡೆದ ಎಷ್ಟೋ ಮಕ್ಕಳಿಗೆ ಶ್ರುತಿ ಕೂಡದಿದ್ದದ್ದು ಇಷ್ಟಕ್ಕೇ.

ಹಾಡಿಗೆ ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಬರವೇ? ಹವ್ಯಕರ ಅಜ್ಜಿಯರ ಹತ್ತಿರ ಮದುವೆಗೊಂದು, ಆರತಿಗೊಂದು ಅಂತ ಹಾಡುಗಳಿವೆ. ಕಾರವಾರದ ಕಡೆ ಕೊಂಕಣಿ ಭಜನೆ. ಅಂಕೋಲಾ, ಕುಮಟಾ ಕಡೆ ಹಾಲಕ್ಕಿ ಒಕ್ಕಲಿಗರ ಸುಗ್ಗಿ ಪದ, ಗುಮಟೆ ಅನ್ನುವ ಮಣ್ಣಿನ ವಾದ್ಯ. 2017ರಲ್ಲಿ ಪದ್ಮಶ್ರೀ ಬಂತಲ್ಲ, ಅಂಕೋಲಾ ಬಡಿಗೇರಿಯ ಸುಕ್ರಿ ಬೊಮ್ಮಗೌಡರಿಗೆ, ಅವರು ಹಾಡು ಕಲಿತದ್ದು ತಾಯಿಯ ಬಾಯಿಂದ. ನಿಮ್ಮ ಮನೆಯ ಅಜ್ಜಿ ಹಾಡುವುದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಟ್ಟುಕೊಳ್ಳಿ. ಫೋನಿಂದ ಇದೊಂದು ಉಪಕಾರ. ಕಾರ್ಟೂನು ಹಾಡು ಹಾಕಿ ಕೈಗೆ ಕೊಟ್ಟರೆ ಮಗು ನೋಡುತ್ತದೆಯೇ ಹೊರತು ಕೇಳುವುದಿಲ್ಲ. ಕೇಳಿಸುವುದೇ ಆದರೆ ಫೋನನ್ನು ಕವುಚಿಡಿ.

ತಾಳಕ್ಕೆ ಕೈ ಸಾಕು. ಹಿಂದೂಸ್ತಾನಿಯ ತೀನ್ ತಾಳವನ್ನೇ ತಗೊಳ್ಳಿ. 16 ಮಾತ್ರೆ, ಅಂದರೆ 16 ಎಣಿಕೆ, ನಾಲ್ಕು ನಾಲ್ಕರ ನಾಲ್ಕು ಭಾಗ. 1, 5 ಮತ್ತು 13ಕ್ಕೆ ಚಪ್ಪಾಳೆ, 9ಕ್ಕೆ ಖಾಲಿ, ಅಂದರೆ ಚಪ್ಪಾಳೆ ಇಲ್ಲ, ಅಂಗೈ ಆಚೆ ಬೀಸುವುದು. ಮಕ್ಕಳಿಗೆ ಈ ಖಾಲಿ ಭಾರಿ ಇಷ್ಟ. ಮೊದಮೊದಲು ಮರೆತು ಅಲ್ಲೂ ಹೊಡೆಯುತ್ತವೆ, ಆಮೇಲೆ ಸರಿ ಮಾಡುತ್ತವೆ, ಇನ್ನೂ ಸ್ವಲ್ಪ ದಿನಕ್ಕೆ ಬೇಕಂತಲೇ ಖಾಲಿಗೆ ಚಪ್ಪಾಳೆ ಹೊಡೆದು ನಿಮ್ಮ ಮುಖ ನೋಡಿ ನಗುತ್ತವೆ. ಅಷ್ಟಾಯಿತಂದರೆ ತಾಳ ಒಳಗೆ ಕೂತಿದೆ ಅಂತಲೇ ಅರ್ಥ.

ಆಟಿಕೆ ಅಂಗಡಿಯ ಪ್ಲಾಸ್ಟಿಕ್ ಪಿಯಾನೋ ಬೇಡ, ಅದರ ಶ್ರುತಿ ದೇವರಿಗೇ ಪ್ರೀತಿ. ಅಡುಗೆಮನೆಯಲ್ಲಿ ತೆಂಗಿನ ಗೆರಟೆ ಇದೆ, ನಾರು ಕೆರೆದು ಎರಡು ಹೋಳು ಕೊಟ್ಟರೆ ಟೊಕ್ ಟೊಕ್ ಅಂತ ಚೆಂದ ನುಡಿಯುತ್ತದೆ. ಗಿಲಕಿ ಮಾಡುವುದಾದರೆ ಬಿಗಿ ಮುಚ್ಚಳದ ಡಬ್ಬಿಗೆ ಅಕ್ಕಿಯೋ ಹೆಸರುಕಾಳೋ ಹಾಕಿ. ಬೇಲಿಯಲ್ಲಿ ಸಿಗುತ್ತದೆ, ನೋಡಲು ಚೆಂದ ಅಂತ ಗುಲಗಂಜಿ ಮಾತ್ರ ಹಾಕಬೇಡಿ, ಅಗಿದು ನುಂಗಿದರೆ ವಿಷ.

ಮಳೆಗಾಲದಲ್ಲಿ ಹೊರಗೆ ಬಿಡಲಾಗುವುದಿಲ್ಲ ಅಲ್ವಾ, ಆಗ ಕೇಳುವ ಆಟ. ಕಣ್ಣು ಮುಚ್ಚಿ ಕೂರಿಸಿ ಕೇಳಿ: ಈಗ ಮಳೆ ಬೀಳುತ್ತಿರುವುದು ಹಂಚಿನ ಮೇಲೋ, ತಗಡಿನ ಮೇಲೋ, ಬಾಳೆ ಎಲೆ ಮೇಲೋ? ಬೆಳಗಿನ ಜಾವ ಹಳ್ಳದ ಬದಿಯಲ್ಲಿ ಸಿಳ್ಳಾರ ಹಕ್ಕಿ ಯಾರೋ ಹುಡುಗ ದಾರಿ ತುಂಬಾ ಸಿಳ್ಳೆ ಹಾಕಿಕೊಂಡು ಹೋದ ಹಾಗೆ ಕೂಗುತ್ತದೆ. ಅದರಂತೆ ಸಿಳ್ಳೆ ಹಾಕಲು ಹೇಳಿ. ಬರದಿದ್ದರೆ ಬಾಯಲ್ಲಿ ಹೇಳಲಿ.

ಇನ್ನು ಆಟ, ಅಂದರೆ ಯಕ್ಷಗಾನ. 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಇಡಗುಂಜಿ ಮೇಳ ಕಟ್ಟಿದ ಜಿಲ್ಲೆ ನಮ್ಮದು, ದೂರ ಹುಡುಕಬೇಕಾಗಿಲ್ಲ. ಮಗುವನ್ನು ಕರೆದುಕೊಂಡು ಸ್ವಲ್ಪ ಬೇಗ ಹೋಗಿ. ಮದ್ದಳೆಯವರು ಶ್ರುತಿ ಮಾಡುವುದನ್ನು ಹತ್ತಿರದಿಂದ ತೋರಿಸಿ: ಅಂಚಿಗೆ ಒಂದು ಪೆಟ್ಟು, ಬೆರಳಲ್ಲಿ ನುಡಿಸಿ ನೋಡುವುದು, ಹಾರ್ಮೋನಿಯಂ ಕಡೆ ಕಿವಿ, ಮತ್ತೆ ಇನ್ನೊಂದು ಪೆಟ್ಟು. ಮದ್ದಳೆಯ ಚರ್ಮದ ನಡುವೆ ಇರುವ ಕಪ್ಪು ಬಿಲ್ಲೆ, ಅಂದರೆ ಕರಣೆ, ಏನಕ್ಕೆ ಅಂತ ಮಗು ಕೇಳಿಯೇ ಕೇಳುತ್ತದೆ. ಕೂರುವಾಗ ಹಿಮ್ಮೇಳ ಕಾಣುವ ಕಡೆ ಕೂರಿ, ಆದರೆ ಸ್ಪೀಕರ್ ಡಬ್ಬಿಯಿಂದ ದೂರ. ಚಂಡೆ ಸುಮ್ನೆಯೇ ಜೋರು, ಮೈಕಿನಲ್ಲಿ ಬಂದರೆ ಸಣ್ಣ ಕಿವಿಗೆ ಒಳ್ಳೆಯದಲ್ಲ. ನಿದ್ದೆ ಬಂದರೆ ಮಲಗಲಿ ಬಿಡಿ, ಭಾಗವತರ ಪದ ಕೇಳುತ್ತಾ ಚಾಪೆಯ ಮೇಲೆ ನಿದ್ದೆ ಹೋಗಿಯೇ ನಾವೆಲ್ಲ ದೊಡ್ಡವರಾದದ್ದು.

ಒಂದನ್ನು ಖಂಡಿತ ನಿಲ್ಲಿಸಿ. ನೆಂಟರು ಬಂದಾಗ ‘ಕೂಸೆ, ಒಂದು ಪದ್ಯ ಹೇಳೆ’ ಅಂತ ಜಗಲಿಗೆ ಎಳೆದು ತರುವುದು. ತಾನೇ ಬಂದು ಹಾಡಿದರೆ ಸಂತೋಷ, ಒಲ್ಲೆ ಅಂದರೆ ಚಾ ಕುಡಿದು ಮಾತಾಡಿ.

ಕ್ಲಾಸಿಗೆ ಏಳೆಂಟು ವರ್ಷಕ್ಕೆ ಸೇರಿಸಿದರೂ ತಡವಲ್ಲ ಅಂತ ನನ್ನ ಲೆಕ್ಕ. ಸೇರಿಸುವ ಮೊದಲು ಮಗುವನ್ನು ಕರೆದುಕೊಂಡು ಹೋಗಿ ಒಂದು ಪಾಠಕ್ಕೆ ಸುಮ್ನೆ ಕೂತು ನೋಡಿ. ಗುರುಗಳು ಹಾಡಿ ತೋರಿಸುತ್ತಾರಾ, ಮಕ್ಕಳು ನಗುತ್ತಾವಾ, ಅಷ್ಟು ನೋಡಿದರೆ ಸಾಕು. ಮೊದಲ ವರ್ಷವೇ ಪ್ರಾರಂಭಿಕ ಪರೀಕ್ಷೆಗೆ ಕಟ್ಟಿಸಿ ಅಂತ ಗುರುಗಳ ಬೆನ್ನು ಹತ್ತಬೇಡಿ. ಹಾರ್ಮೋನಿಯಂ, ತಬಲಾ ಕೂಡಲೇ ಕೊಳ್ಳುವುದೂ ಬೇಡ, ಯಾರ ಮನೆಯಲ್ಲಾದರೂ ಸುಮ್ನೆ ಬಿದ್ದಿರುತ್ತದೆ, ಕೇಳಿ ತನ್ನಿ. ತಂದದ್ದನ್ನು ಅಟ್ಟಕ್ಕೆ ಏರಿಸದೆ ಮಗುವಿನ ಕೈಗೆ ಸಿಗುವಲ್ಲಿ ಇಡಿ, ಮಳೆಗಾಲದಲ್ಲಿ ಮಾತ್ರ ಆಗಾಗ ಒಣ ಬಟ್ಟೆಯಲ್ಲಿ ಒರೆಸಿ. ಇಲ್ಲದಿದ್ದರೆ ನಮ್ಮ ಕಡೆಯ ಥಂಡಿಗೆ ತಬಲಾದ ಚರ್ಮಕ್ಕೆ ಬೂಸಲು ಬರುತ್ತದೆ.